ಜ್ಞಾನೋದಯ ಯುಗದ ಸಮಾಜಚಿಂತನೆಯೂ ಮೈಸೂರು ಸೀಮೆಯ ಗ್ರಾಮವೂ: ಚಂದ್ರವಳ್ಳಿಯ ಸಾಕ್ಷ್ಯ

ಸಮಾಜಶಾಸ್ತ್ರದ ಚರಿತ್ರೆಯನ್ನು ನಿರೂಪಿಸುವ ಗ್ರಂಥಗಳು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಆರಂಭವಾಗುತ್ತವೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ, ಕಾಂಡೊರ್ಸೆ ಮೊದಲಾದವರೂ ಸ್ಕಾಟ್ಲೆಂಡಿನ ಆಡಂ ಫರ್ಗ್ಯುಸನ್, ಜಾನ್ ಮಿಲ್ಲರ್ ಮೊದಲಾದವರೂ ಈ ಶಾಸ್ತ್ರಕ್ಕೆ ನೆಲವನ್ನು ಹದಮಾಡಿದರೆಂದೂ, 1839ರಲ್ಲಿ ಆಗಸ್ಟ್ ಕಾಮ್ಟನು ಅದಕ್ಕೆ ಇಂದಿನ ಹೆಸರನ್ನಿಟ್ಟನೆಂದೂ ಅವು ಹೇಳುತ್ತವೆ. ನಮ್ಮ ವಿದ್ಯಾರ್ಥಿಗಳು ಈ ಹೆಸರುಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವರು. ಪರೀಕ್ಷೆ ಮುಗಿದೊಡನೆ ಮರೆಯುವರು. ಇದರಲ್ಲಿ ಅವರ ದೋಷವೇನೂ ಇಲ್ಲ. ಎಡಿನ್‌ಬರೋ ನಗರದ ಪ್ರಾಧ್ಯಾಪಕನೊಬ್ಬನು 1767ರಲ್ಲಿ ಬರೆದುದಕ್ಕೂ ತಮ್ಮ ಊರಿನ ಕೆರೆಗೂ ಏನಾದರೂ ಸಂಬಂಧವಿರಬಹುದೆಂದು ಅವರಿಗೆ ಯಾರೂ ತಿಳಿಸಿಲ್ಲ.

ಸಂಬಂಧವಿದೆ ಎಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋಗಿದ್ದಾಗ ನಡೆದ ಒಂದು ಸಂಗತಿಯೇ ಈ ವಿಚಾರಕ್ಕೆ ಪ್ರೇರಣೆಯಾಯಿತು. ಉತ್ಖನನದಲ್ಲಿ ದೊರೆತ ರೋಮನ್ ನಾಣ್ಯಗಳ ವಿಷಯವನ್ನು ನಾವು ವಿವರಿಸುತ್ತಿದ್ದೆವು. ಆಗ ಒಬ್ಬ ವಿದ್ಯಾರ್ಥಿನಿ, “ಭಾರತದ ಹಳ್ಳಿಗಳು ಹೊರಗಿನ ಹಂಗಿಲ್ಲದ ಪುಟ್ಟ ಗಣರಾಜ್ಯಗಳಾಗಿದ್ದವು ಎಂದು ಹಿಂದಿನ ವಾರ ನೀವೇ ಟಿಪ್ಪಣಿ ಬರೆಸಿದಿರಿ. ಹಾಗಾದರೆ ಈ ನಾಣ್ಯ ಇಲ್ಲಿಗೆ ಹೇಗೆ ಬಂದಿತು?” ಎಂದು ಕೇಳಿದಳು. ಆ ಕ್ಷಣಕ್ಕೆ ನಾವು ಕೊಟ್ಟ ಉತ್ತರ ಅಷ್ಟೇನೂ ಸಮರ್ಪಕವಾಗಿರಲಿಲ್ಲ. ನಾವು ಬರೆಸಿದ ಆ ವಾಕ್ಯ ಎಲ್ಲಿಂದ ಬಂದುದೆಂದು ಹುಡುಕಿಕೊಂಡು ಹೋದಾಗ, ಅದು ಮೊದಲು ರೂಪುಗೊಂಡದ್ದು ಬಹುಮಟ್ಟಿಗೆ ನಮ್ಮ ಮೈಸೂರು ಸೀಮೆಯಲ್ಲಿಯೇ ಎಂಬುದು ತಿಳಿದುಬಂದಿತು.

ಮೊದಲು ಜ್ಞಾನೋದಯ ಯುಗದ ಚಿಂತಕರು ಮಾಡಿದ್ದೇನೆಂಬುದನ್ನು ಗಮನಿಸಬೇಕು. 1748ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಮಾಂಟೆಸ್ಕ್ಯೂ ಒಂದು ನಾಡಿನ ಕಾನೂನುಗಳು ರಾಜನ ಇಚ್ಛೆಯಿಂದಲೋ ದೈವಸಂಕಲ್ಪದಿಂದಲೋ ಮಾತ್ರ ಹುಟ್ಟುವುದಿಲ್ಲವೆಂದೂ, ಆ ನಾಡಿನ ವಾಯುಗುಣ, ನೆಲದ ಸ್ವಭಾವ, ಜನರ ಜೀವನೋಪಾಯ, ಮತ, ನಡೆನುಡಿ ಇವೆಲ್ಲವುಗಳೊಡನೆ ಅವು ಹೆಣೆದುಕೊಂಡಿರುವುವೆಂದೂ ತೋರಿಸಿದನು. ಸಮಾಜವನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ಮೊದಲು ಅದು ಹೀಗಿರಲು ಕಾರಣವೇನೆಂದು ಕೇಳಬೇಕು ಎಂಬ ಈ ನಿಲುವೇ ಸಮಾಜಶಾಸ್ತ್ರದ ಬೀಜ. 1892ರಲ್ಲಿ ಡರ್ಖೀಮನು ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧದಲ್ಲಿ ಈ ಋಣವನ್ನು ಮುಕ್ತವಾಗಿ ಒಪ್ಪಿಕೊಂಡಿದ್ದಾನೆ.

ಆದರೆ ಮಾಂಟೆಸ್ಕ್ಯೂ ಏಷ್ಯದ ವಿಷಯಕ್ಕೆ ಬಂದಾಗ ಪ್ರವಾಸಿಗಳ ಮಾತನ್ನು ಬೇಕಾದುದಕ್ಕಿಂತ ಹೆಚ್ಚಾಗಿ ನಂಬಿದನು. ಔರಂಗಜೇಬನ ಕಾಲದಲ್ಲಿ ಭಾರತದಲ್ಲಿದ್ದ ಬರ್ನಿಯರನು ಇಲ್ಲಿ ಭೂಮಿಯೆಲ್ಲಕ್ಕೂ ಅರಸನೊಬ್ಬನೇ ಒಡೆಯನೆಂದು ಬರೆದಿದ್ದನು. ಉಷ್ಣವಲಯದ ಜನ ಸ್ವಭಾವತಃ ನಿರಂಕುಶ ಪ್ರಭುತ್ವಕ್ಕೆ ತಲೆಬಾಗುವವರೆಂಬ ಮಾಂಟೆಸ್ಕ್ಯೂವಿನ ಸಿದ್ಧಾಂತಕ್ಕೆ ಇಂಥ ಹೇಳಿಕೆಗಳೇ ಆಧಾರವಾದುವು. 1778ರಲ್ಲಿ ಆಂಕೆತಿಲ್ ದ್ಯುಪೆರೋಂ ಎಂಬ ಫ್ರೆಂಚ್ ವಿದ್ವಾಂಸನು, ಭಾರತದಲ್ಲಿ ಹಲವು ವರ್ಷ ಸುತ್ತಾಡಿದ ಅನುಭವದ ಬಲದಿಂದ, ಈ ಮತವನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದನು. ಅದನ್ನು ಓದಿದವರು ಕಡಮೆ. ಚರಿತ್ರೆಯಲ್ಲಿ ತಿದ್ದುಪಡಿಗಳಿಗಿಂತ ತಪ್ಪುಗಳಿಗೆ ಆಯುಸ್ಸು ಹೆಚ್ಚೆಂಬುದಕ್ಕೆ ಇದೊಂದು ನಿದರ್ಶನ.

ಸ್ಕಾಟ್ಲೆಂಡಿನವರ ಮಾರ್ಗ ಬೇರೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫರ್ಗ್ಯುಸನ್ನನು 1767ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನುಷ್ಯನು ಎಂದೂ ಒಂಟಿಯಾಗಿರದೆ ಗುಂಪಿನಲ್ಲಿಯೇ ಇದ್ದವನೆಂಬುದನ್ನು ಎತ್ತಿಹಿಡಿದನು. ಸಾಮಾಜಿಕ ಸಂಸ್ಥೆಗಳು ಮನುಷ್ಯರ ಕಾರ್ಯದಿಂದ ಉಂಟಾದುವಾದರೂ ಯಾರೊಬ್ಬರ ಯೋಜನೆಯಿಂದಲೂ ಉಂಟಾದುವಲ್ಲ ಎಂಬುದು ಅವನ ಮುಖ್ಯ ಸಿದ್ಧಾಂತ. ಯುದ್ಧ, ವ್ಯಾಪಾರ, ನೆರೆಹೊರೆಯ ವೈರ ಇವೂ ಸಮಾಜವನ್ನು ಕಟ್ಟುವ ಶಕ್ತಿಗಳೆಂದು ಅವನು ಭಾವಿಸಿದನು. ಗ್ಲಾಸ್ಗೋ ನಗರದಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಮಿಲ್ಲರನು 1771ರಲ್ಲಿ ಅಂತಸ್ತುಗಳ ಉತ್ಪತ್ತಿಯನ್ನು ಕುರಿತು ಬರೆದು, ಯಾರು ಯಾರಿಗೆ ಏತಕ್ಕಾಗಿ ವಿಧೇಯರಾಗುತ್ತಾರೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದನು. ಗಂಡುಹೆಣ್ಣು, ತಂದೆಮಕ್ಕಳು, ಒಡೆಯ ಆಳು ಹೀಗೆ ಒಂದೊಂದು ಸಂಬಂಧವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದನು. ಈ ಎರಡು ಪ್ರಶ್ನೆಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವು ನಮಗೆ ಬೇಕಾಗುತ್ತವೆ. ಇವೆರಡರ ಜೊತೆಗೆ, ಸರ್ ಜಾನ್ ಸಿಂಕ್ಲೇರನು 1791ರಿಂದ 1799ರ ಒಳಗೆ 21 ಸಂಪುಟಗಳಲ್ಲಿ ಹೊರತಂದ ಸ್ಕಾಟ್ಲೆಂಡಿನ ವಿವರಣಗ್ರಂಥವನ್ನೂ ಇಲ್ಲಿ ಹೆಸರಿಸಬೇಕು. ಪ್ರತಿಯೊಂದು ಪ್ಯಾರಿಷ್ಷಿನ ಪಾದ್ರಿಗೂ ಪ್ರಶ್ನಾವಳಿ ಕಳುಹಿಸಿ ಉತ್ತರ ತರಿಸಿಕೊಂಡು ಸಿದ್ಧಪಡಿಸಿದ ಗ್ರಂಥವದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಈ ಹೊಸ ಪ್ರಶ್ನೆಗಳಿಗೆ ಮೈಸೂರು ಒಂದು ಪ್ರಯೋಗಭೂಮಿಯಾಯಿತು. ಕಂಪೆನಿ ಸರ್ಕಾರದ ಉದ್ದೇಶ ಜ್ಞಾನಾರ್ಜನೆಯಲ್ಲ, ಆದಾಯ ಮತ್ತು ಅಧಿಕಾರ. ಇದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೂ ಅದು ಕಳುಹಿಸಿದ ಕೆಲವರು ತಮ್ಮ ಯುಗದ ವಿಚಾರಶೀಲತೆಯನ್ನು ಜೊತೆಯಲ್ಲಿ ತಂದವರು. ಫ್ರಾನ್ಸಿಸ್ ಬುಕಾನನ್ನನು ಗ್ಲಾಸ್ಗೋದಲ್ಲಿ 1779ರಲ್ಲಿ ಎಂ.ಎ. ಪದವಿಯನ್ನೂ ಎಡಿನ್‌ಬರೋದಲ್ಲಿ 1783ರಲ್ಲಿ ವೈದ್ಯ ಪದವಿಯನ್ನೂ ಪಡೆದವನು. ಎಂದರೆ ಮಿಲ್ಲರನೂ ಫರ್ಗ್ಯುಸನ್ನನೂ ಬೋಧಿಸುತ್ತಿದ್ದ ಕಾಲದಲ್ಲಿಯೇ ಆ ಎರಡು ವಿದ್ಯಾಲಯಗಳಲ್ಲಿ ಇದ್ದವನು. ಅವನು ಹುಟ್ಟಿದ್ದೂ ಫರ್ಗ್ಯುಸನ್ನನ ಪರ್ತ್‌ಷೈರಿನಲ್ಲಿಯೇ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ, 1801ರಲ್ಲಿ ಘಟ್ಟವನ್ನೇರಿ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ಮಾರ್ಗವಾಗಿ ಸಾಗಿದನು. ಹೋದ ಕಡೆಯಲ್ಲೆಲ್ಲ ಬೆಳೆ, ನೇಗಿಲು, ದನ, ಕೂಲಿ, ಧಾರಣೆ ಇವುಗಳನ್ನು ವಿಚಾರಿಸುವುದು. ಆಯಾ ಜಾತಿಯ ಹಿರಿಯರನ್ನು ಕರೆಸಿ ಮದುವೆ, ಆಹಾರ, ಗುರುಮಠ, ಕುಲದ ಕಟ್ಟಳೆಗಳನ್ನು ಕೇಳಿ ಬರೆದುಕೊಳ್ಳುವುದು ಅವನ ಕ್ರಮ. 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸ ಗ್ರಂಥವು ಓದಲು ಬಲು ಶುಷ್ಕ. ಆದರೆ ಆ ಶುಷ್ಕತೆಯೇ ಅದರ ಗುಣ. ಕಂಡುದನ್ನು ಸಿದ್ಧಾಂತದ ಅಚ್ಚಿಗೆ ಒತ್ತುವ ಆತುರ ಅವನಿಗಿಲ್ಲ.

ಭೂಮಾಪನಕ್ಕಾಗಿ ನೇಮಕಗೊಂಡ ಕಾಲಿನ್ ಮೆಕೆಂಜಿಯೂ ಸ್ಕಾಟ್ಲೆಂಡಿನವನೇ. ಅವನ ಕೈಕೆಳಗೆ ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ಸಹೋದರರು ಶಾಸನಗಳನ್ನೂ ನಾಣ್ಯಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ಬೋರಯ್ಯನವರು 1803ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡರು; ಸಂಗ್ರಹವು ಮೆಕೆಂಜಿಯ ಹೆಸರಿನಲ್ಲಿ ಉಳಿಯಿತು. ಅದರ ಕನ್ನಡ ಭಾಗವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಮೇಲೆ, 1994ರಿಂದ, ಈ ಬರಹಗಳು ನಮ್ಮ ವಿದ್ಯಾರ್ಥಿಗಳಿಗೂ ಕೈಗೆಟುಕುವಂತಾಗಿವೆ. ಇದೇ ಕಾಲದಲ್ಲಿ ಮೈಸೂರಿನಲ್ಲಿದ್ದ ಪಾದ್ರಿ ಅಬ್ಬೆ ದ್ಯುಬ್ವಾನ ಗ್ರಂಥ ಬಹು ಪ್ರಸಿದ್ಧವಾದುದು. ಆದರೆ ಅದು ಬಹುಪಾಲು ಫಾದರ್ ಕೂರ್ದೂ ಎಂಬ ಹಿಂದಿನ ಜೆಸುಯಿಟ್ ಪಾದ್ರಿಯ ಬರೆಹವನ್ನು ಆಧರಿಸಿದ್ದೆಂದು 1987ರಲ್ಲಿ ಸಿಲ್ವಿಯಾ ಮ್ಯೂರ್ ಅವರು ಸಿದ್ಧಪಡಿಸಿ ತೋರಿಸಿರುವುದರಿಂದ, ಅದನ್ನು ಮೈಸೂರಿನ ಪ್ರತ್ಯಕ್ಷ ಸಾಕ್ಷ್ಯವೆಂದು ಬಳಸುವವರು ಎಚ್ಚರವಹಿಸಬೇಕಾಗಿದೆ.

ನಮ್ಮ ವಿಷಯಕ್ಕೆ ಇವರೆಲ್ಲರಿಗಿಂತ ಮುಖ್ಯನಾದವನು ಮಾರ್ಕ್ ವಿಲ್ಕ್ಸ್. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನ ಕಾರ್ಯ ನಿರ್ವಹಿಸಿದ ಈತನು ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿ, 1815ರಲ್ಲಿ ಸೆರೆಯಾಳಾಗಿ ಬಂದ ನೆಪೋಲಿಯನ್ನನನ್ನು ಕಂಡವನು. ಅವನ ದಕ್ಷಿಣ ಭಾರತ ಚರಿತ್ರೆಯ ಮೂರು ಸಂಪುಟಗಳು 1810ರಿಂದ 1817ರೊಳಗೆ ಪ್ರಕಟವಾದುವು. ಅದನ್ನು ಹೈದರ್, ಟಿಪ್ಪು ಇವರ ಯುದ್ಧಗಳಿಗಾಗಿ ಓದುವ ನಾವು, ಮೊದಲ ಸಂಪುಟದಲ್ಲಿ ಭೂಸ್ವಾಮ್ಯವನ್ನು ಕುರಿತ ಅಧ್ಯಾಯವನ್ನು ದಾಟಿ ಹೋಗುವುದುಂಟು. ವಾಸ್ತವವಾಗಿ ಲೋಕದ ಮೇಲೆ ಹೆಚ್ಚು ಪರಿಣಾಮ ಮಾಡಿದ್ದು ಆ ಅಧ್ಯಾಯವೇ.

ಅಲ್ಲಿ ವಿಲ್ಕ್ಸನು ಎದುರಿಸಿ ನಿಂತಿರುವುದು ಬರ್ನಿಯರನಿಂದ ಬಂದ ಆ ಹಳೆಯ ಮತವನ್ನು. ಅರಸನೊಬ್ಬನೇ ಭೂಮಿಯ ಒಡೆಯನೆಂಬುದು ಸುಳ್ಳು. ಭೂಮಿಯಲ್ಲಿ ಪ್ರಜೆಗಳಿಗೆ ವಂಶಪಾರಂಪರ್ಯವಾದ ಹಕ್ಕು ಇತ್ತು ಎಂಬುದನ್ನು ಅವನು ಮನುಸ್ಮೃತಿ, ದಾನಶಾಸನಗಳು, ಕೆನರಾ ಸೀಮೆಯ ಹಿಡುವಳಿಗಳು ಇವುಗಳ ಆಧಾರದಿಂದ ವಾದಿಸುತ್ತಾನೆ. ಪ್ರಶ್ನೆ ಮಾಂಟೆಸ್ಕ್ಯೂವಿನದು, ಸಾಕ್ಷ್ಯ ನಮ್ಮ ನಾಡಿನದು, ತೀರ್ಮಾನ ಮಾಂಟೆಸ್ಕ್ಯೂವಿಗೆ ವಿರುದ್ಧ. ಇಷ್ಟರಮಟ್ಟಿಗೆ ಇದು ಜ್ಞಾನೋದಯ ಯುಗದ ವಿಚಾರಪದ್ಧತಿಯು ತನ್ನನ್ನು ತಾನೇ ತಿದ್ದಿಕೊಂಡ ಒಂದು ಉತ್ತಮ ಪ್ರಸಂಗ. ಈ ವಾದದ ನಡುವೆಯೇ ಅವನು ಗ್ರಾಮದ ಚಿತ್ರವನ್ನು ಬಿಡಿಸುತ್ತಾನೆ. ಪ್ರತಿಯೊಂದು ಗ್ರಾಮವೂ ಪ್ರತ್ಯೇಕವಾದ ಒಂದು ಗಣರಾಜ್ಯ. ಎಂದಿನಿಂದಲೂ ಹಾಗೆಯೇ ಇದ್ದಂತೆ ತೋರುತ್ತದೆ ಎಂಬುದು ಅವನ ಅಭಿಪ್ರಾಯ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ ಹೀಗೆ ಹನ್ನೆರಡು ಮಂದಿ ಆಯಗಾರರನ್ನು ಹೆಸರಿಸಿ, ಅವರಿಗೆ ಮಾನ್ಯದ ಭೂಮಿಯಿಂದಲೋ ಬೆಳೆಯಲ್ಲಿ ಗೊತ್ತಾದ ಪಾಲಿನಿಂದಲೋ ಪ್ರತಿಫಲ ಸಲ್ಲುತ್ತಿದ್ದುದನ್ನು ವಿವರಿಸುತ್ತಾನೆ. ಗೌಡ, ಶಾನುಭೋಗ, ನೀರುಗಂಟಿ ಎಂಬ ಕನ್ನಡ ಪದಗಳು ಇಂಗ್ಲಿಷ್ ಅಕ್ಷರಗಳನ್ನು ತೊಟ್ಟು ಅಲ್ಲಿ ನಿಂತಿವೆ.

ಈ ಪದಗಳ ಮುಂದಿನ ಪ್ರಯಾಣ ಕುತೂಹಲಕರವಾದುದು. 1867ರಲ್ಲಿ ಪ್ರಕಟವಾದ ‘ಬಂಡವಾಳ’ ಗ್ರಂಥದ ಮೊದಲ ಸಂಪುಟದಲ್ಲಿ, ಶ್ರಮವಿಭಜನೆಯನ್ನು ಕುರಿತ ಅಧ್ಯಾಯದಲ್ಲಿ, ಕಾರ್ಲ್ ಮಾರ್ಕ್ಸನು ಭಾರತದ ಪುರಾತನ ಗ್ರಾಮಸಮುದಾಯಗಳನ್ನು ವರ್ಣಿಸಿ, ಏಷ್ಯದ ಸಮಾಜಗಳು ಬದಲಾಗದೆ ಉಳಿದುದರ ಗುಟ್ಟು ಇವುಗಳಲ್ಲಿದೆಯೆಂದು ಹೇಳುತ್ತಾನೆ. ಅಡಿಟಿಪ್ಪಣಿಯಲ್ಲಿ ವಿಲ್ಕ್ಸನ ಮೊದಲ ಸಂಪುಟವನ್ನು ಉಲ್ಲೇಖಿಸುತ್ತಾನೆ. ಕೆರೆಯ ನೀರನ್ನು ಹಂಚುವ ಅಧಿಕಾರಿ, ಕಮ್ಮಾರ, ಬಡಗಿ, ಕೆಲವೆಡೆ ಅಕ್ಕಸಾಲಿಗನ ಬದಲು ಒಬ್ಬ ಕವಿ, ಎಲ್ಲರೂ ಅಲ್ಲಿದ್ದಾರೆ. ಹೆಸರು ಮಾತ್ರ ಕಳೆದುಹೋಗಿದೆ. ಮೈಸೂರು ಸೀಮೆಯ ನೀರುಗಂಟಿಯು ಲಂಡನ್ನಿನಲ್ಲಿ ಸಮಸ್ತ ಭಾರತದ ನೀರಾಧಿಕಾರಿಯಾಗಿದ್ದಾನೆ. ನಡುವೆ 1830ರಲ್ಲಿ ಮೆಟ್‌ಕಾಫನೂ, ಬಳಿಕ 1871ರಲ್ಲಿ ಹೆನ್ರಿ ಮೇಯ್ನನೂ ಇದೇ ಚಿತ್ರಕ್ಕೆ ತಮ್ಮ ತಮ್ಮ ಬಣ್ಣಗಳನ್ನು ಸೇರಿಸಿದರು. ಅಲ್ಲಿಂದ ಅದು ನಮ್ಮ ರಾಷ್ಟ್ರೀಯ ನಾಯಕರ ಭಾಷಣಗಳಿಗೂ, ಅಲ್ಲಿಂದ ಪಠ್ಯಪುಸ್ತಕಗಳಿಗೂ, ಕೊನೆಗೆ ನಾವು ಬರೆಸಿದ ಟಿಪ್ಪಣಿಗೂ ಬಂದಿಳಿಯಿತು.

ಇನ್ನು ಚಂದ್ರವಳ್ಳಿಯ ಸಾಕ್ಷ್ಯವನ್ನು ನೋಡೋಣ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಣ ಈ ಕಣಿವೆಯಲ್ಲಿ 1908–09ರಲ್ಲಿ ಆರ್. ನರಸಿಂಹಾಚಾರ್ಯರೂ, 1929–30ರಲ್ಲಿ ಎಂ. ಹೆಚ್. ಕೃಷ್ಣರವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆತ ನಡೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು, ಮಹಾರಠಿ ಬಿರುದಿನ ಸ್ಥಳೀಯ ಅಧಿಪತಿಗಳ ನಾಣ್ಯಗಳು, ಅವುಗಳೊಡನೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಇಲ್ಲಿ ದೊರೆತಿವೆ. ಪುದುಚೇರಿಯ ಬಳಿಯ ಅರಿಕಮೇಡು ಎಂಬ ಬಂದರಿನಲ್ಲಿ ಸಿಕ್ಕಿದ, ಒಳತಳದಲ್ಲಿ ಸಣ್ಣ ಗೀರುಗಳ ಸುತ್ತುಸಾಲುಗಳುಳ್ಳ ಮಡಕೆಯ ಚೂರುಗಳೂ ಇಲ್ಲಿವೆ. ಕಡಲು ನೂರಾರು ಮೈಲಿ ದೂರ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿಯೇ ಬಯಲುಸೀಮೆಯ ಈ ನೆಲೆಯು ಕಡಲಾಚೆಯ ವ್ಯಾಪಾರದ ದಾರಿಗೆ ತಾಗಿಕೊಂಡಿತ್ತು. ಇದು ಹಳ್ಳಿಯಲ್ಲ, ಪಟ್ಟಣವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವೇ. ಆದರೆ ಪಟ್ಟಣವಿದ್ದರೆ ಅದಕ್ಕೆ ಧಾನ್ಯ, ಹತ್ತಿ, ಉಣ್ಣೆ, ಸೌದೆ ಒದಗಿಸುವ ಸುತ್ತಣ ಹಳ್ಳಿಗಳೂ ಇರಲೇಬೇಕು. ಪಟ್ಟಣಕ್ಕೆ ಒದಗಿಸುವ ಹಳ್ಳಿ ತನ್ನಲ್ಲಿಯೇ ಮುಚ್ಚಿಕೊಂಡ ಹಳ್ಳಿಯಲ್ಲ. ಬುಕಾನನ್ನನ ಶುಷ್ಕ ಪುಟಗಳು ಇಲ್ಲಿ ನಮ್ಮ ನೆರವಿಗೆ ಬರುತ್ತವೆ: 1801ರಲ್ಲಿ ದಾವಣಗೆರೆಯಲ್ಲಿ ಅವನು ಗುರುತಿಸಿದ್ದು ಕಂಬಳಿಯ ವ್ಯಾಪಾರವನ್ನು. ಆ ಕಂಬಳಿ ನೇಯ್ದವರು ಸುತ್ತಣ ಊರುಗಳ ಕುರುಬರು.

ಎರಡನೆಯ ಸಾಕ್ಷ್ಯ ಶಿಲೆಯ ಮೇಲಿನದು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದರಲ್ಲಿ ಹೆಸರಿಸಿರುವ ರಾಜ್ಯಗಳ ವಿಷಯದಲ್ಲಿ ವಿದ್ವಾಂಸರ ಓದುಗಳು ಒಂದಕ್ಕೊಂದು ಹೊಂದುವುದಿಲ್ಲ. ಕೃಷ್ಣರವರ ದೀರ್ಘವಾದ ಪಟ್ಟಿಯನ್ನು ಅನಂತರದವರು ಬಹುವಾಗಿ ಪ್ರಶ್ನಿಸಿದ್ದಾರೆ. ಅದು ಹಾಗಿರಲಿ. ಶಾಸನವು ಕೆರೆಯೊಂದರ ನಿರ್ಮಾಣವನ್ನು ದಾಖಲಿಸುತ್ತದೆಂಬ ವಿಷಯ ಸ್ಪಷ್ಟವಾಗಿದೆ. ನಾಲ್ಕನೆಯ ಶತಮಾನದಲ್ಲಿ ಬನವಾಸಿಯ ಅರಸನೊಬ್ಬನು ಇಲ್ಲಿ ಕೆರೆಯನ್ನು ಕಟ್ಟಿಸಿದನೆಂದರೆ, ನೀರುಗಂಟಿಯು ಹಂಚುವ ನೀರಿನ ಹಿಂದೆ ಊರಿನ ಆಚೆಗಿನ ಅಧಿಕಾರವೂ ನಿಂತಿತ್ತೆಂದು ಅರ್ಥ.

ಮೂರನೆಯ ಸಾಕ್ಷ್ಯವನ್ನು ವಿಲ್ಕ್ಸನೇ ಒದಗಿಸಿದ್ದಾನೆ. 1779ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ದುರ್ಗವನ್ನು ವಶಪಡಿಸಿಕೊಂಡ ಬಳಿಕ, ಬೇಡರನ್ನು ಗುಂಪುಗುಂಪಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದುದನ್ನೂ, ಅವರ ಹುಡುಗರಿಂದ ಚೇಲಾ ದಳಗಳನ್ನು ರಚಿಸಿದುದನ್ನೂ ಅವನು ಅದೇ ಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಒಂದು ಅಧ್ಯಾಯದಲ್ಲಿ ಎಂದಿನಿಂದಲೂ ಇದ್ದಂತೆಯೇ ಇರುವ ಗ್ರಾಮ, ಮತ್ತೊಂದರಲ್ಲಿ ಬೇರುಸಹಿತ ಕಿತ್ತೊಯ್ಯಲ್ಪಟ್ಟ ಜನ. ಎರಡನ್ನೂ ಬರೆದ ಕೈ ಒಂದೇ. ಯುದ್ಧವೂ ಸಮಾಜವನ್ನು ರೂಪಿಸುತ್ತದೆಂಬ ಫರ್ಗ್ಯುಸನ್ನನ ಪ್ರಶ್ನೆಯನ್ನು ಅವನು ತನ್ನ ಗ್ರಾಮದ ಅಧ್ಯಾಯದಲ್ಲಿ ಕೇಳಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ಮಿಲ್ಲರನ ಪ್ರಶ್ನೆಯನ್ನಂತೂ ಅವನು ಕೇಳಲೇ ಇಲ್ಲ. ಗಣರಾಜ್ಯವೆಂದರೆ ಯಾರ ಗಣ, ಯಾರ ರಾಜ್ಯ? ಹನ್ನೆರಡು ಮಂದಿಯಲ್ಲಿ ಗೌಡನ ಮಾತಿಗೂ ತೋಟಿಯ ಮಾತಿಗೂ ಒಂದೇ ತೂಕವಿತ್ತೆ? ಪಟ್ಟಿಯಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ನಿಂತ ಮಾತ್ರಕ್ಕೆ ಅವರು ಊರಿನಲ್ಲಿಯೂ ಪಕ್ಕಪಕ್ಕದಲ್ಲಿ ನಿಲ್ಲಬಹುದಾಗಿತ್ತೆ? ಈ ಪ್ರಶ್ನೆಗಳನ್ನು ತೀಕ್ಷ್ಣವಾಗಿ ಎತ್ತಿದವರು ಡಾ. ಅಂಬೇಡ್ಕರರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಮೆಟ್‌ಕಾಫನ ಮಾತನ್ನೇ ಮುಂದಿಟ್ಟುಕೊಂಡು ಗ್ರಾಮ ಗಣರಾಜ್ಯಗಳ ಸ್ತುತಿಯನ್ನು ಖಂಡಿಸಿದರು. ಅದೇ 1948ರಲ್ಲಿಯೇ ಎಂ. ಎನ್. ಶ್ರೀನಿವಾಸರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯಕ್ಕೆ ಕುಳಿತಿದ್ದರು. ತಮ್ಮ ಗ್ರಂಥಗಳಲ್ಲಿ ಅದನ್ನು ರಾಂಪುರವೆಂದು ಕರೆದಿದ್ದಾರೆ. ಪ್ರೊಫೆಸರ್ ಎ. ಆರ್. ವಾಡಿಯಾ ಅವರ ಪ್ರಯತ್ನದಿಂದ 1917ರಲ್ಲಿಯೇ ಸಮಾಜಶಾಸ್ತ್ರಕ್ಕೆ ಎಡೆಕೊಟ್ಟ ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಓದಿದವರು ಅವರು. 1960ರಲ್ಲಿ ಎ. ಎಂ. ಷಾ ಅವರೊಡನೆ ಬರೆದ ಪುಟ್ಟ ಲೇಖನದಲ್ಲಿ ಭಾರತದ ಹಳ್ಳಿಯ ಸ್ವಯಂಪೂರ್ಣತೆ ಕೇವಲ ಮಿಥ್ಯೆಯೆಂದು ಅವರು ಪ್ರತಿಪಾದಿಸಿದರು. ಮೈಸೂರಿನಿಂದ ಹೊರಟ ಚಿತ್ರವನ್ನು ನೂರೈವತ್ತು ವರ್ಷಗಳ ಬಳಿಕ ಮೈಸೂರಿನವರೇ ತಿದ್ದಿದಂತಾಯಿತು.

ಹೀಗೆಂದು ಜ್ಞಾನೋದಯ ಯುಗದ ಚಿಂತಕರನ್ನು ಬದಿಗಿಡಬೇಕೆಂದು ನಮ್ಮ ಮತವಲ್ಲ. ಅವರ ಪ್ರಶ್ನೆಗಳು ಅವರ ಶಿಷ್ಯವರ್ಗದವರ ಉತ್ತರಗಳಿಗಿಂತ ಗಟ್ಟಿಯಾದುವು. ವಿಲ್ಕ್ಸನು ಎಡವಿದ್ದನ್ನು ನಮಗೆ ತೋರಿಸಿಕೊಟ್ಟದ್ದು ಫರ್ಗ್ಯುಸನ್ ಮತ್ತು ಮಿಲ್ಲರರ ಪ್ರಶ್ನೆಗಳೇ. ನಾವು ತರಗತಿಯಲ್ಲಿ ಮಾಡುತ್ತಿರುವ ತಪ್ಪೆಂದರೆ, ಪ್ರಶ್ನೆಗಳನ್ನು ಪಶ್ಚಿಮದ ಚರಿತ್ರೆಯೆಂದು ಒಂದು ಪತ್ರಿಕೆಯಲ್ಲಿಯೂ ಉತ್ತರಗಳನ್ನು ಭಾರತೀಯ ಸಮಾಜವೆಂದು ಇನ್ನೊಂದು ಪತ್ರಿಕೆಯಲ್ಲಿಯೂ ಬೇರೆಬೇರೆಯಾಗಿ ಕಲಿಸುತ್ತಿರುವುದು.

ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯಿದೆಯು ರದ್ದುಪಡಿಸಿತು. ಅದು 1963ರಿಂದ ಜಾರಿಗೆ ಬಂದಿತು. ಆದರೆ ನೀರುಗಂಟಿ ಮನೆತನಗಳು ಇನ್ನೂ ಇವೆ. ಆ ವಿದ್ಯಾರ್ಥಿನಿಯೂ ಅವಳ ಮೂವರು ಸಹಪಾಠಿಗಳೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕೆಲವು ಕೆರೆಗಳನ್ನು ಆರಿಸಿಕೊಂಡು, ನೀರು ಹಂಚಿಕೆಯ ಸರದಿ, ತೂಬಿನ ಹೊಣೆ, ಬೆಳೆಯಲ್ಲಿ ಸಲ್ಲುತ್ತಿದ್ದ ಆಯ, ಬರಗಾಲದಲ್ಲಿ ನ್ಯಾಯ ತೀರಿಸುತ್ತಿದ್ದವರು ಯಾರು ಎಂಬ ವಿವರಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಾರೆ. ವಿಲ್ಕ್ಸನ ಪಟ್ಟಿಯನ್ನು ಒಬ್ಬ ವೃದ್ಧರಿಗೆ ಓದಿ ಹೇಳಿದಾಗ ಅವರು ತಲೆದೂಗಿದರಂತೆ, ಪಟ್ಟಿ ಸರಿಯಾಗಿದೆಯೆಂದರಂತೆ. ಸ್ವಲ್ಪ ಹೊತ್ತಿನ ಮೇಲೆ, “ಊರ ಗದ್ದೆಗೆಲ್ಲಾ ನೀರು ಬಿಟ್ಟೋನು ನಾನು, ತಾಯಿ. ಊರ ಬಾವಿಗೆ ಮಾತ್ರ ನಮ್ಮ ಹಗ್ಗ ಇಳಿಸೋ ಹಂಗಿರಲಿಲ್ಲ” ಎಂದು ಸೇರಿಸಿದರಂತೆ. ವಿದ್ಯಾರ್ಥಿನಿಯು ಈ ಮಾತನ್ನು ಪಟ್ಟಿಯ ಐದನೆಯ ಹೆಸರಿನ ಎದುರು ಬರೆದಿಟ್ಟಿದ್ದಾಳೆ. ಸಂಗ್ರಹಕಾರ್ಯವು ಮುಂದಿನ ಬೇಸಗೆಯ ರಜೆಯಲ್ಲಿಯೂ ನಡೆಯುವುದು. ಹಳೆಯ ಶಾನುಭೋಗರ ಕಡತಗಳನ್ನು ಇಟ್ಟುಕೊಂಡಿರುವ ಮನೆಗಳು ಯಾರಿಗಾದರೂ ಗೊತ್ತಿದ್ದಲ್ಲಿ ವಿಭಾಗಕ್ಕೆ ತಿಳಿಸಿದರೆ ಉಪಕಾರವಾಗುತ್ತದೆ.